ಅಮ್ಮ ‘ಅಬ್ಬ’ ಆದಾಗ

ಮಕ್ಕಳೇ, ಮೊದಲು ಒಂದು ಆಟ. ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ‘ಅಮ್ಮ’ ಎನ್ನಿ. ‘ಅಬ್ಬ’ ಎಂದ ಹಾಗೆ ಕೇಳಿಸಿತಲ್ಲವೇ? ಈಗ ‘ಅಣ್ಣ’ ಎನ್ನಿ. ಅಣ್ಣ ‘ಅಡ್ಡ’ ಆಗಿಬಿಡುತ್ತಾನೆ! ‘ನಾನು’ ಎಂದರೆ ‘ದಾದು’. ಙ, ಞ, ಣ, ನ, ಮ ಇವನ್ನು ಅನುನಾಸಿಕ ಎಂದು ಸುಮ್ಮನೆ ಕರೆದಿಲ್ಲ. ಈ ಅಕ್ಷರಗಳಿಗೆ ಉಸಿರು ಮೂಗಿನ ದಾರಿಯಲ್ಲೇ ಹೋಗಬೇಕು. ದಾರಿ ಮುಚ್ಚಿದರೆ ಅಕ್ಷರವೇ ಬದಲಾಗುತ್ತದೆ.

ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳು. ನೆಗಡಿಯಾದ ಮಗು ನಾಲ್ಕು ದಿನ ಹೀಗೆ ಮಾತಾಡಿ ಆಮೇಲೆ ಸರಿಹೋಗುತ್ತದೆ. ಆದರೆ ನೆಗಡಿ ಇಲ್ಲದೆಯೂ ಜೂನ್‌ನಿಂದ ಮಾರ್ಚ್‌ವರೆಗೆ ‘ಮನೆ’ಗೆ ‘ಬದೆ’ ಎನ್ನುವ ಒಂದಿಬ್ಬರು ಬಹುತೇಕ ಪ್ರತಿ ತರಗತಿಯಲ್ಲೂ ಇರುತ್ತಿದ್ದರು. ಬಾಯಿ ಸದಾ ಅರ್ಧ ತೆರೆದಿರುತ್ತಿತ್ತು, ತುಟಿ ಒಣಗಿರುತ್ತಿತ್ತು.

ಎರಡನೇ ತರಗತಿಯ ಒಬ್ಬ ಹುಡುಗಿ ಚೆನ್ನಾಗಿ ನೆನಪಿದ್ದಾಳೆ. ಹೆಸರು ಕರೆದರೆ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ತಿರುಗುವಳು. ಹನ್ನೊಂದು ಗಂಟೆಗೆಲ್ಲ ತೂಕಡಿಕೆ. ಹಿಂದಿನ ವರ್ಷದ ಪ್ರಗತಿಪತ್ರದಲ್ಲಿ ‘ಗಮನ ಸಾಲದು’ ಎಂದು ಬರೆದಿತ್ತು. ಗೆಳತಿಯರು ‘ಮಂಕಿ’ ಎಂದೇ ಕರೆಯುತ್ತಿದ್ದರು. ಒಂದು ದಿನ ಅವಳನ್ನು ಬಿಡಲು ಬಂದ ಅಜ್ಜಿ ನನ್ನ ಹತ್ತಿರ ಬಂದು ನಿಂತರು. “ಟೀಚರಮ್ಮ, ಇವಳು ರಾತ್ರಿ ನಮ್ಮ ಯಜಮಾನ್ರಿಗಿಂತ ಜೋರಾಗಿ ಗೊರಕೆ ಹೊಡೀತಾಳೆ. ನಡುನಡುವೆ ಉಸಿರೇ ನಿಂತ ಹಾಗಾಗಿ ಬೆಚ್ಚಿ ಏಳ್ತಾಳೆ. ಪಕ್ಕದಲ್ಲಿ ಮಲಗೋಳು ನಾನು, ನಂಗೆ ಗೊತ್ತು.” ಮನೆಯವರಾರೂ ಆ ಮಾತಿಗೆ ಕಿವಿಗೊಟ್ಟಿರಲಿಲ್ಲವಂತೆ. ನಾನು ಅವಳ ತಂದೆಯನ್ನು ಕರೆಸಿ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಕಳಿಸಿದೆ.

ಮೂಗಿನ ಹಿಂಬದಿಯಲ್ಲಿ, ಕಿರುನಾಲಗೆಯ ಮೇಲ್ಗಡೆ ಅಡೆನಾಯ್ಡ್ ಎಂಬ ಮೆತ್ತನೆಯ ಗಂಟಿದೆ. ಬಾಯಿ ಎಷ್ಟು ಅಗಲ ತೆರೆದರೂ ಅದು ಕಾಣುವುದಿಲ್ಲ. ಸುಮಾರು ಮೂರರಿಂದ ಏಳು ವರ್ಷದೊಳಗೆ ಅದು ದೊಡ್ಡದಾಗಿರುತ್ತದೆ, ಹದಿಹರೆಯಕ್ಕೆ ಬರುವಷ್ಟರಲ್ಲಿ ಕುಗ್ಗುತ್ತದೆ. ಕೆಲವು ಮಕ್ಕಳಲ್ಲಿ ಅತಿಯಾಗಿ ಬೆಳೆದು ಮೂಗಿನ ಹಿಂಬಾಗಿಲನ್ನೇ ಮುಚ್ಚಿಬಿಡುತ್ತದೆ. ಅದರ ಪಕ್ಕದಲ್ಲೇ ಕಿವಿಗೆ ಗಾಳಿ ಹೋಗುವ ಸಣ್ಣ ಕೊಳವೆಯ ಬಾಯಿ ಇದೆ. ಅದೂ ಕೆಲಸ ಮಾಡದಿದ್ದರೆ ಕಿವಿದಮ್ಮಟೆಯ ಹಿಂದೆ ನೀರು ತುಂಬಿ ಮಗುವಿಗೆ ಮಾತು ಮಸುಕಾಗಿ ಕೇಳಿಸುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದರು. ಕಿವಿ ಮಂದ, ಬಾಯಲ್ಲಿ ಉಸಿರು, ಮಾತಿನಲ್ಲಿ ನಾದವಿಲ್ಲ: ಅವರು ಕಂಡದ್ದೂ ಇವೇ ಗುರುತುಗಳನ್ನು.

ನಮ್ಮ ಹುಡುಗಿಗೆ ಶಸ್ತ್ರಚಿಕಿತ್ಸೆಯಾಯಿತು. ಎಲ್ಲ ಮಕ್ಕಳಿಗೂ ಅದು ಬೇಕಾಗುವುದಿಲ್ಲ. ಎಷ್ಟೋ ಮಕ್ಕಳಿಗೆ ಔಷಧಿ ಮತ್ತು ಕಾಲವೇ ಸಾಕು. ದಸರಾ ರಜೆ ಕಳೆದು ಬಂದವಳು ಒಂದೇ ಕರೆಗೆ ತಿರುಗಿದಳು. ಸ್ವಲ್ಪ ದಿನದಲ್ಲಿ ತರಗತಿಯ ಮಹಾ ವಾಚಾಳಿಯೂ ಆದಳು, ಅದು ಬೇರೆ ಕಥೆ!

ಬಾಯಲ್ಲೂ ಗಾಳಿ ಒಳಗೆ ಹೋಗುತ್ತದಲ್ಲ, ಮೂಗೇ ಏಕೆ ಬೇಕು ಎಂದು ಚುರುಕು ಮಕ್ಕಳು ಕೇಳುವಿರಿ. ಓಡುವಾಗ ಬಾಯಿ ತೆರೆದರೆ ತಪ್ಪೇನಿಲ್ಲ, ದೇಹಕ್ಕೆ ಆಗ ಹೆಚ್ಚು ಗಾಳಿ ಬೇಕು. ಮಿಕ್ಕ ಹೊತ್ತಿನಲ್ಲಿ ಮೂಗು ಮಾಡುವ ಕೆಲಸ ಬಾಯಿಗೆ ಬಾರದು. ಮೂಗಿನ ಕೂದಲು ದಪ್ಪ ಧೂಳನ್ನು ತಡೆಯುತ್ತದೆ. ಸಣ್ಣ ಧೂಳು ಅಂಟುಲೋಳೆಗೆ ಸಿಕ್ಕಿಬೀಳುತ್ತದೆ. ಕಣ್ಣಿಗೆ ಕಾಣದ ರೋಮಗಳು ಆ ಲೋಳೆಯನ್ನು ಗಂಟಲಿನ ಕಡೆಗೆ ದೂಡುತ್ತವೆ. ನಾವು ಅರಿವಿಲ್ಲದೆ ಅದನ್ನು ನುಂಗುತ್ತೇವೆ, ಮಿಕ್ಕದ್ದನ್ನು ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ. ಮಡಿಕೇರಿಯ ಮುಂಜಾನೆಯ ಚಳಿಗಾಳಿಯಾಗಲಿ, ರಾಯಚೂರಿನ ಬೇಸಿಗೆಯ ಒಣಗಾಳಿಯಾಗಲಿ, ಮೂಗನ್ನು ದಾಟುವಷ್ಟರಲ್ಲಿ ಮೈಯ ಬಿಸಿಗೆ ಹತ್ತಿರ ಬಂದು ಒದ್ದೆಯಾಗಿರುತ್ತದೆ. ಬಾಯಲ್ಲಿ ಉಸಿರಾಡಿದರೆ ಜೊಲ್ಲು ಒಣಗುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಹುಳುಕಾಗುವುದು ಸುಲಭ.

ಇನ್ನೊಂದು ಆಟ. ತಣ್ಣಗಿನ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ಮೆಲ್ಲಗೆ ಉಸಿರು ಬಿಡಿ. ಎರಡು ಮಂಜಿನ ಚುಕ್ಕೆ ಮೂಡುತ್ತವೆ, ಸಾಮಾನ್ಯವಾಗಿ ಒಂದು ದೊಡ್ಡದು, ಒಂದು ಚಿಕ್ಕದು. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ, ಅದಲುಬದಲಾಗಿರಬಹುದು. ಹೊಳ್ಳೆಗಳು ಸರದಿಯಲ್ಲಿ ದುಡಿಯುತ್ತವೆ. ಯೋಗ ಬಲ್ಲ ಅಜ್ಜಂದಿರನ್ನು ಕೇಳಿದರೆ ಇಡಾ, ಪಿಂಗಳಾ ಎಂದು ಹೇಳಿಯಾರು. ಯುರೋಪಿನಲ್ಲಿ ರಿಚರ್ಡ್ ಕೈಸರ್ ಎಂಬ ವೈದ್ಯ 1895ರಲ್ಲಿ ಈ ಸರದಿಯ ಬಗ್ಗೆ ಬರೆದರು.

ಮೂಗಿನ ಸುತ್ತಲ ಮೂಳೆಯ ಪೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಉಸಿರಿನ ಜೊತೆ ಇಳಿದು ಶ್ವಾಸಕೋಶದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗಿದಾಗ ಮೂಗಿನಿಂದ ಬರುವ ಈ ಅನಿಲ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದರು. ಹಾಗೆಂದು ಗುನುಗಿದರೆ ಸಕಲ ರೋಗವೂ ವಾಸಿ ಎನ್ನುವವರನ್ನು ನಾನು ನಂಬುವುದಿಲ್ಲ.

ಇನ್ನು ಅಜ್ಜ ಅಜ್ಜಿಯರಿಗೆ ಎರಡು ಮಾತು. ಬಾಯಿ ತೆರೆದು ಮಲಗುವ ಮಗುವಿಗೆ ‘ಬಾಯಿ ಮುಚ್ಚು’ ಎಂದು ಗದರಬೇಡಿ. ಮೊಬೈಲಿನಲ್ಲಿ ಏನೋ ನೋಡಿ ತುಟಿಗೆ ಪಟ್ಟಿ ಅಂಟಿಸಲಂತೂ ಹೋಗಬೇಡಿ. ಮೂಗು ಕಟ್ಟಿದ್ದಕ್ಕೇ ಅದು ಬಾಯಿ ತೆರೆದಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ, ಮೂಗು ಬಿಡಿಸುವ ಹನಿಗಳನ್ನು ವೈದ್ಯರನ್ನು ಕೇಳದೆ ಹಾಕಬೇಡಿ. ದಿನಗಟ್ಟಲೆ ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಕಡಲೆಕಾಳೋ ಕೂತಿರಬಹುದು. ಕಡ್ಡಿ ಹಾಕಿ ತೆಗೆಯದೆ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಾರದಲ್ಲಿ ಹೆಚ್ಚಿನ ರಾತ್ರಿ ಗೊರಕೆ, ನಡುವೆ ಉಸಿರು ಕಟ್ಟುವುದು, ಟಿವಿ ಸದ್ದು ಏರಿಸುವುದು ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಿ. ಹಗಲಿನಲ್ಲಿ ಅವರ ಮುಂದೆ ಮಗು ಗೊರಕೆ ಹೊಡೆಯುವುದಿಲ್ಲವಲ್ಲ, ಹಿಂದಿನ ರಾತ್ರಿಯೇ ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಚಿತ್ರ ಕತ್ತಲಾದರೂ ಪರವಾಗಿಲ್ಲ, ಸದ್ದು ಕೇಳಿಸಿದರೆ ಸಾಕು.