ಫುಡ್ ಸ್ಟ್ಯಾಂಪಿಗೆ ಸಿಗದ ಡಯಾಪರ್

ಅಮೆರಿಕದಲ್ಲಿ ಬಡ ಕುಟುಂಬಗಳು ಅಕ್ಕಿ, ಬ್ರೆಡ್ಡು, ಹಾಲು ಕೊಳ್ಳಲು ಸರ್ಕಾರ ನೆರವು ಕೊಡುತ್ತದೆ. ಹಿಂದೆ ಚೀಟಿಯ ರೂಪದಲ್ಲಿದ್ದ ಈ ಫುಡ್ ಸ್ಟ್ಯಾಂಪು ಈಗ ಡೆಬಿಟ್ ಕಾರ್ಡಿನಂಥ ಕಾರ್ಡಾಗಿದೆ. ಆ ಕಾರ್ಡಿನಿಂದ ಮಗುವಿಗೆ ಡಯಾಪರ್ ಕೊಳ್ಳುವಂತಿಲ್ಲ. ಅದು ತಿನ್ನುವ ಪದಾರ್ಥವಲ್ಲ, ಹಾಗಾಗಿ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಬಸುರಿ-ಬಾಣಂತಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಇರುವ ಪೌಷ್ಟಿಕ ಆಹಾರ ಯೋಜನೆಯಲ್ಲೂ ಡಯಾಪರಿಗೆ ಜಾಗವಿಲ್ಲ. ಆಗಷ್ಟೇ ಹುಟ್ಟಿದ ಮಗುವಿಗೋ ದಿನಕ್ಕೆ ಎಂಟರಿಂದ ಹನ್ನೆರಡು ಬೇಕು. ತಿಂಗಳಿಗೆ 80ರಿಂದ 100 ಡಾಲರ್ ಖರ್ಚು. ಕೊರತೆ ಬಿದ್ದ ಮನೆಗಳಿಗೆ ಡಯಾಪರ್ ತಲುಪಿಸಲು ಹುಟ್ಟಿಕೊಂಡವೇ ಡಯಾಪರ್ ಬ್ಯಾಂಕುಗಳು.

ಹಳೇ ಸೀರೆ, ಪಂಚೆ ಹರಿದು ಲಂಗೋಟಿ ಕಟ್ಟಿದರಾಗದೇ ಎಂದು ನಮ್ಮ ಕಡೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಮ್ಮ ಮನೆಗಳಲ್ಲಿ ಆ ಬಟ್ಟೆಯ ಹಿಂದೆ ಇಡೀ ದಿನ ಮನೆಯಲ್ಲೇ ಇದ್ದು ಒಗೆದು ಹಾಕುವ ಅಜ್ಜಿಯೋ ಅಮ್ಮನೋ ಇರುತ್ತಿದ್ದರು, ಹಿತ್ತಲಲ್ಲಿ ಬಿಸಿಲೂ ಒಣಹಾಕುವ ತಂತಿಯೂ ಇರುತ್ತಿದ್ದವು. ಅಮೆರಿಕದ ನಗರವೊಂದರ ಬಾಡಿಗೆ ಮನೆಯಲ್ಲಿ ಒಬ್ಬಳೇ ಮಗು ಸಾಕುವ ತಾಯಿಗೆ ಇದ್ಯಾವುದೂ ಇಲ್ಲ. ಮನೆಯಲ್ಲಿ ವಾಷಿಂಗ್ ಮಷೀನ್ ಇರದಿದ್ದರೆ ಕಾಸು ಹಾಕಿ ಒಗೆಯುವ ಲಾಂಡ್ರಿಗೆ ಹೋಗಬೇಕು. ಅಲ್ಲಿ ಅನೇಕ ಕಡೆ ಮಕ್ಕಳ ಹೇಲುಬಟ್ಟೆ ಹಾಕಲು ಬಿಡುವುದಿಲ್ಲ.

ಇನ್ನೂ ದೊಡ್ಡ ತೊಡಕು ಡೇಕೇರಿನದು. ಬಹುಪಾಲು ಡೇಕೇರುಗಳು ಬಟ್ಟೆಯ ಡಯಾಪರನ್ನು ಒಪ್ಪುವುದಿಲ್ಲ. ಬಳಸಿ ಬಿಸಾಡುವಂಥವನ್ನೇ, ದಿನಕ್ಕೆ ಸಾಕಾಗುವಷ್ಟು, ಮನೆಯಿಂದ ಕೊಟ್ಟು ಕಳಿಸಬೇಕು. ಕೊಡದಿದ್ದರೆ ಮಗುವನ್ನು ಬಿಟ್ಟು ಹೋಗುವಂತಿಲ್ಲ, ಮಗುವನ್ನು ಬಿಡದೆ ಕೆಲಸಕ್ಕೆ ಹೋಗುವಂತಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವಳಿಗೆ ಅಂದಿನ ಸಂಬಳ ಖೋತಾ. ಮರುದಿನ ಡಯಾಪರಿಗೆ ದುಡ್ಡು ಇನ್ನೂ ಕಡಿಮೆ. ಕಾರಿಲ್ಲದವರು ದೂರದ ದೊಡ್ಡ ಅಂಗಡಿಗೆ ಹೋಗಲಾರದೆ ಬೀದಿ ಮೂಲೆಯ ಅಂಗಡಿಯಲ್ಲಿ ಚಿಕ್ಕ ಪ್ಯಾಕೆಟ್ ಕೊಳ್ಳುತ್ತಾರೆ. ಒಂದೊಂದು ಡಯಾಪರಿಗೂ ಅವರು ಉಳ್ಳವರಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಡಯಾಪರ್ ಕೊಡುವುದೆಂದರೆ ಮಗುವಿನ ಮೈ ಒಣಗಿಡುವುದಷ್ಟೇ ಅಲ್ಲ, ತಾಯಿಯ ಕೆಲಸ ಉಳಿಸುವುದು.

ಡಯಾಪರ್ ಬ್ಯಾಂಕಿನತ್ತ ಮೊದಲ ಹೆಜ್ಜೆ ಇಟ್ಟದ್ದು ಅರಿಜೋನಾದ ಟೂಸಾನ್ ನಗರ. 1994ರ ಡಿಸೆಂಬರಿನಲ್ಲಿ ಒಂದು ಸಣ್ಣ ಸಲಹಾ ಸಂಸ್ಥೆ, ಸಂಕಷ್ಟದಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೊಂದಕ್ಕಾಗಿ ಡಯಾಪರ್ ಬೇಡಿ ಊರಿಗೆ ಕರೆಕೊಟ್ಟಿತು. 20,000 ಡಯಾಪರ್ ಬಂದವು. ವರ್ಷವರ್ಷವೂ ನಡೆದ ಈ ಸಂಗ್ರಹ 2000ದ ಹೊತ್ತಿಗೆ ಸ್ವತಂತ್ರ ಸಂಸ್ಥೆಯಾಯಿತು.

ಕನೆಕ್ಟಿಕಟ್ಟಿನ ನ್ಯೂ ಹೇವನ್‌ನಲ್ಲಿ ಜೋಆನ್ ಗೋಲ್ಡ್‌ಬ್ಲಮ್ ಎಂಬ ಸಮಾಜ ಕಾರ್ಯಕರ್ತೆ ಬಡ ಕುಟುಂಬಗಳ ಮನೆಮನೆಗೆ ಹೋಗುತ್ತಿದ್ದರು. ಬಳಸಿದ ಡಯಾಪರಿನಿಂದ ಹೇಲು ಕೊಡವಿ, ಅದನ್ನೇ ಮತ್ತೆ ಮಗುವಿಗೆ ಹಾಕುವ ತಾಯಂದಿರನ್ನು ಅವರು ಕಂಡರು. ಡಯಾಪರಿನೊಳಗಿನ ಪಾಲಿಮರ್ ಹರಳುಗಳು ಉಚ್ಚೆ ಹೀರಿ ಲೋಳೆಯಂತಾಗುತ್ತವೆ. ಮೇಲ್ಮೈ ಒಣಗಿದಂತೆ ಕಂಡರೂ ರೋಗಾಣುಗಳು ಅಲ್ಲೇ ಉಳಿಯುತ್ತವೆ. ಎಳೆಯ ಚರ್ಮ ಕೆಂಪೇರಿ ಗಂದೆ ಏಳುತ್ತದೆ, ಮೂತ್ರನಾಳದ ಸೋಂಕೂ ತಗಲಬಹುದು. ಆ ತಾಯಂದಿರಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಬೇರೆ ದಾರಿ ಇರಲಿಲ್ಲ. ಗೋಲ್ಡ್‌ಬ್ಲಮ್ 2004ರಲ್ಲಿ ತಮ್ಮ ಊರಿನಲ್ಲಿ ಡಯಾಪರ್ ಬ್ಯಾಂಕ್ ತೆರೆದರು. 2011ರಲ್ಲಿ ಇಂಥ ಬ್ಯಾಂಕುಗಳ ರಾಷ್ಟ್ರೀಯ ಜಾಲ ಕಟ್ಟಿದರು. ಹಗ್ಗೀಸ್ ಡಯಾಪರ್ ತಯಾರಿಸುವ ಕಂಪನಿ ಅದರ ಬೆನ್ನಿಗೆ ನಿಂತಿತು. ಇಂದು ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ಆ ಜಾಲದಲ್ಲಿವೆ.

2013ರಲ್ಲಿ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ ನ್ಯೂ ಹೇವನ್‌ನ 877 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಹತ್ತಿರ ಹತ್ತಿರ ಶೇ. 30ರಷ್ಟು ಮಂದಿ ಡಯಾಪರಿಗೆ ಪರದಾಡುತ್ತಿರುವುದಾಗಿ ಹೇಳಿದ್ದರು. ಮನಸ್ಸಿನ ಆರೋಗ್ಯಕ್ಕೆ ನೆರವು ಬೇಕೆಂದ ತಾಯಂದಿರಲ್ಲಿ ಈ ಕೊರತೆ ಇನ್ನೂ ಹೆಚ್ಚಾಗಿ ಕಂಡಿತು. ಅಳುವ ಮಗುವಿಗೆ ಒಣ ಡಯಾಪರ್ ಹಾಕಲಾಗದೆ ಕೂತ ತಾಯಿಯ ಮನಸ್ಸು ಹೇಗಿರುತ್ತದೆಂದು ಊಹಿಸಬಹುದು. 2023ರಲ್ಲಿ ಜಾಲವೇ ನಡೆಸಿದ ಸಮೀಕ್ಷೆಯಲ್ಲಂತೂ ಎಳೆಮಕ್ಕಳಿರುವ ಕುಟುಂಬಗಳಲ್ಲಿ ಶೇ. 47ರಷ್ಟಕ್ಕೆ ಈ ಕೊರತೆ ಇತ್ತು.

ಬ್ಯಾಂಕಿನ ಗೋದಾಮಿನಲ್ಲಿ ಹೆಚ್ಚಿನ ಕೆಲಸ ಸ್ವಯಂಸೇವಕರದು. ದಾನ ಬಂದ ಪ್ಯಾಕೆಟ್ಟುಗಳನ್ನು, ಅರ್ಧ ಖಾಲಿಯಾದವನ್ನೂ ಸೇರಿಸಿ, ಮೇಜಿನ ಮೇಲೆ ಸುರಿದು ಸೈಜಿನ ಪ್ರಕಾರ ಬೇರ್ಪಡಿಸುತ್ತಾರೆ. ಅನೇಕ ಕಡೆ ಇಪ್ಪತ್ತೈದರ ಕಟ್ಟು ಮಾಡಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಸೈಜಿನ ಚೀಟಿ ಅಂಟಿಸುತ್ತಾರೆ. ಸಾಮಾನ್ಯವಾಗಿ ಬ್ಯಾಂಕು ಇವನ್ನು ನೇರವಾಗಿ ಮನೆಗಳಿಗೆ ಹಂಚುವುದಿಲ್ಲ. ಆಹಾರ ಬ್ಯಾಂಕು, ಕ್ಲಿನಿಕ್ಕು, ಆಶ್ರಯಧಾಮಗಳ ಮೂಲಕ ತಲುಪಿಸುತ್ತದೆ. ಒಂದು ಮಗುವಿಗೆ ತಿಂಗಳಿಗೆ ಐವತ್ತರ ಆಸುಪಾಸು ಸಿಗಬಹುದು. ಪೂರ್ತಿ ತಿಂಗಳಿಗೆ ಅದು ಸಾಲದು. ತಿಂಗಳ ಕೊನೆಯ ವಾರ ದಾಟಿಸುತ್ತದೆ.

ದಾನದಿಂದಲೇ ಇದು ಬಗೆಹರಿಯುತ್ತದೆಂದು ಬ್ಯಾಂಕು ನಡೆಸುವವರೇ ನಂಬಿಲ್ಲ. ಅವರ ಒತ್ತಾಯ ಅಲ್ಲಲ್ಲಿ ಫಲ ಕೊಟ್ಟಿದೆ. ಕ್ಯಾಲಿಫೋರ್ನಿಯಾ 2018ರಿಂದ, ಸರ್ಕಾರಿ ನೆರವು ಪಡೆದು ಕೆಲಸಕ್ಕೋ ತರಬೇತಿಗೋ ಹೋಗುವ ಪೋಷಕರಿಗೆ, ಮೂರು ವರ್ಷದೊಳಗಿನ ಮಗುವೊಂದಕ್ಕೆ ತಿಂಗಳಿಗೆ 30 ಡಾಲರ್ ಕೊಡತೊಡಗಿತು. ಟೆಕ್ಸಸ್ 2023ರ ಸೆಪ್ಟೆಂಬರಿನಲ್ಲಿ ಡಯಾಪರ್ ಮೇಲಿನ ಮಾರಾಟ ತೆರಿಗೆ ತೆಗೆಯಿತು. ಟೆನೆಸ್ಸಿ 2024ರ ಆಗಸ್ಟಿನಿಂದ, ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ನಡಿ ಎರಡು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೆ ನೂರು ಡಯಾಪರ್ ಒದಗಿಸುತ್ತಿದೆ. ಟೆನೆಸ್ಸಿಯ ದಾರಿಯೇ ಸರಿಯೆಂದು ನನಗನ್ನಿಸುತ್ತದೆ, ಏಕೆಂದರೆ ಅಲ್ಲಿ ಡಯಾಪರನ್ನು ಮಗುವಿನ ಆರೋಗ್ಯದ ಭಾಗವೆಂದು ಒಪ್ಪಿಕೊಂಡಿದ್ದಾರೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ನೆರವಾಗಬೇಕೆಂದಿದ್ದರೆ ಒಂದು ಮಾತು. ಹಸುಗೂಸುಗಳ ಸೈಜು ಬೇಕಾದಷ್ಟು ದಾನ ಬರುತ್ತದೆ; ಕಡಿಮೆ ಬೀಳುವುದು 4, 5, 6ನೇ ಸೈಜು. ಮಗು ಬೆಳೆದು ಸೈಜು ಬದಲಾದಾಗ ಮನೆಯಲ್ಲಿ ಉಳಿದ ಅರ್ಧ ಪ್ಯಾಕೆಟ್ಟನ್ನೂ ಬ್ಯಾಂಕಿನವರು ತೆಗೆದುಕೊಳ್ಳುತ್ತಾರೆ. ಹಣ ಕೊಟ್ಟರೆ ಇನ್ನೂ ಅನುಕೂಲ: ಅಂಗಡಿಯಲ್ಲಿ ನಾವು ಕೊಳ್ಳುವುದಕ್ಕಿಂತ ಹೆಚ್ಚು ಡಯಾಪರನ್ನು ಬ್ಯಾಂಕು ಅದೇ ಹಣಕ್ಕೆ ಸಗಟಿನಲ್ಲಿ ತರಿಸುತ್ತದೆ.