ಕಂದಿಲ್ಲದ ಬಾಳೆ: ಕಲ್ಲುಬಾಳೆಯ ಕೃಷಿ ಮತ್ತು ಸಂರಕ್ಷಣೆ

ಬಾಳೆಯ ಮರಿಗೂ ಆಕಳ ಕರುವಿಗೂ ಕನ್ನಡದಲ್ಲಿ ‘ಕಂದು’ ಎಂಬ ಒಂದೇ ಪದವಿದೆ. ತಮಿಳಿನ ‘ಕನ್ಱು’ ಎಂಬ ಪದಕ್ಕೂ ಕರು, ಎಳೆಯ ಸಸಿ ಎಂಬ ಅರ್ಥಗಳುಂಟು. ತಾಯಿಗಿಡ ಗೊನೆ ಬಿಟ್ಟು ಅಳಿದರೂ ಬುಡದ ಕಂದಿನಿಂದ ವಂಶ ಮುಂದುವರಿಯುತ್ತದೆ. ಮದುವೆಯ ಚಪ್ಪರಕ್ಕೆ ಬಾಳೆಕಂಬ ಕಟ್ಟುವ ರೂಢಿಯ ಹಿಂದೆ ಈ ಅನುಭವವೂ ಇರಬಹುದು. ಆದರೆ ಕಂದನ್ನೇ ಬಿಡದ ಬಾಳೆಯೊಂದು ನಮ್ಮ ಸಹ್ಯಾದ್ರಿಯಲ್ಲಿದೆ. ಅದೇ ಕಲ್ಲುಬಾಳೆ.

ಮರಾಠಿಯಲ್ಲಿ ಇದಕ್ಕೆ ಚವೇಣಿ, ರಾನಕೇಳ ಎಂಬ ಹೆಸರುಗಳಿವೆ. ವಿಲಿಯಂ ರಾಕ್ಸ್‌ಬರ್ಗ್ ಇದನ್ನು ತೋಟದ ಬಾಳೆಯ ಕುಲದಲ್ಲಿಯೇ ಸೇರಿಸಿ ‘ಮ್ಯೂಸಾ ಸೂಪರ್ಬಾ’ ಎಂದು ಕರೆದಿದ್ದನು. ಇ. ಇ. ಚೀಸ್‌ಮನ್ 1947ರಲ್ಲಿ ಇದನ್ನು ‘ಎನ್ಸೀಟೆ’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದನು. ಕಡಿದಾದ ಬಂಡೆಗಳ ಸಂದಿಯಲ್ಲಿ ಬೆಳೆಯುವ ಈ ಗಿಡದ ಹಣ್ಣಿನಲ್ಲಿ ತಿರುಳು ಅಲ್ಪ, ಕಲ್ಲಿನಂತಹ ಬೀಜಗಳೇ ಅಧಿಕ. ಹೀಗಾಗಿ ‘ಕಲ್ಲು’ ಎಂಬ ವಿಶೇಷಣವು ನೆಲೆಗೂ ಬೀಜಕ್ಕೂ ಒಪ್ಪುತ್ತದೆ. ಮಳೆ ನಿಂತ ಬಳಿಕ ಎಲೆಗಳು ಒಣಗಿ, ಗಡ್ಡೆ ಮಾತ್ರ ಜೀವ ಹಿಡಿದಿರುತ್ತದೆ. ಮುಂಗಾರು ಬಂದೊಡನೆ ಮತ್ತೆ ಸುಳಿ ಹೊರಡುತ್ತದೆ. ಹೀಗೆ ಹಲವು ವರ್ಷ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು, ಹಣ್ಣು ಮಾಗಿದ ನಂತರ ಗಿಡ ಸಾಯುತ್ತದೆ.

ಅಪಾಯವಿರುವುದು ಇಲ್ಲಿಯೇ. ಇದರ ಹೂವು ಹಾಗೂ ದಿಂಡನ್ನು ಪಲ್ಯಕ್ಕೆ ಬಳಸುವುದುಂಟು; ಬೀಜವನ್ನು ಮೂತ್ರಕೋಶದ ಕಲ್ಲು ಮೊದಲಾದ ವ್ಯಾಧಿಗಳಿಗೆ ನಾಟಿವೈದ್ಯದಲ್ಲಿ ಉಪಯೋಗಿಸುತ್ತಾರೆ. ತೋಟದ ಬಾಳೆಯ ಹೂವನ್ನು ಕೊಯ್ದರೆ ಕಂದು ಉಳಿದೇ ಇರುತ್ತದೆ. ಕಲ್ಲುಬಾಳೆಯ ಹೂವನ್ನು ಬೀಜ ಕಟ್ಟುವ ಮೊದಲೇ ಕೊಯ್ದರೆ ಆ ಗಿಡದ ಸಂತತಿಯೇ ನಿಂತುಹೋಗುತ್ತದೆ.

ಆದ್ದರಿಂದ ಬೀಜದಿಂದ ಬೆಳೆಸುವುದೇ ಇದರ ಸಹಜ ಮಾರ್ಗ. ಪೂರ್ಣ ಮಾಗಿದ ಹಣ್ಣಿನ ಬೀಜಗಳನ್ನು ತಿರುಳಿಲ್ಲದಂತೆ ತೊಳೆದು, ನೀರಿನಲ್ಲಿ ನೆನೆಸಿ, ಮರಳು ಬೆರೆತ ಸಡಿಲ ಮಣ್ಣಿನಲ್ಲಿ ಬಿತ್ತಬೇಕು. ಸಿಪ್ಪೆ ಗಡುಸಾದ ಕಾರಣ ಮೊಳಕೆ ನಿಧಾನ. ಎಲ್ಲ ಬೀಜಗಳೂ ಒಮ್ಮೆಗೇ ಮೊಳೆಯವು. ಸಸಿಗಳನ್ನು ಮುಂಗಾರಿನ ಆರಂಭದಲ್ಲಿ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರಿನಲ್ಲಿ ನೆಡುವುದು ಯುಕ್ತ. ಎಲೆ ಒಣಗಿದ ಅವಧಿಯಲ್ಲಿ ನೀರು ಹೆಚ್ಚಾದರೆ ಗಡ್ಡೆ ಕೊಳೆಯುತ್ತದೆ. ಗಿಡ ಸತ್ತಿತೆಂದು ಭಾವಿಸಿ ಅದನ್ನು ಕಿತ್ತೆಸೆಯಬಾರದು.

ಇದೇ ಕುಲದ ಇನ್ನೊಂದು ಬಾಳೆ ಇಥಿಯೋಪಿಯದಲ್ಲಿ ಲಕ್ಷಾಂತರ ಜನರ ಮುಖ್ಯ ಆಹಾರ. ಅಲ್ಲಿನ ರೈತರು ಗಡ್ಡೆಯ ನಡುವಣ ಸುಳಿಯನ್ನು ಕೊರೆದು ತೆಗೆದು, ಸುತ್ತಲೂ ಕಂದುಗಳು ಮೂಡುವಂತೆ ಮಾಡುತ್ತಾರೆ. ಸಹ್ಯಾದ್ರಿಯ ಬಂಡೆಗಳ ಮೇಲೆ ಅಂತಹ ಕೈಗಳಿಲ್ಲ. ಅಲ್ಲಿ ಪ್ರತಿಯೊಂದು ನೆಲೆಯಲ್ಲಿಯೂ ಕೆಲವು ಗೊನೆಗಳನ್ನಾದರೂ ಮುಟ್ಟದೆ ಮಾಗಲು ಬಿಡಬೇಕು; ಔಷಧಕ್ಕೆ ಬೇಕಾದ ಬೀಜವನ್ನು ತೋಟದಲ್ಲಿ ಬೆಳೆಸಿದ ಗಿಡಗಳಿಂದ ಪಡೆಯಬೇಕು.