ಅರ್ಜೆಂಟ್ ಅಂಕಿ: ನಂಬಿಕೆ ಒಂದು, ನಿಜ ಇನ್ನೊಂದು

ಕೊಯ್ನಾ ಜಲಾಶಯದ ಗೇಟು ತೆರೆದರು ಎಂಬ ಸುದ್ದಿ ಬಂದರೆ ಸಾಕು, ಶೇಡಬಾಳದ ಆಚೀಚೆಯ ಹೊಳೆದಂಡೆಯ ಊರುಗಳಲ್ಲಿ ದನಕರು ಸಾಗಿಸುವ ಮಾತು ಶುರುವಾಗುತ್ತದೆ. ಅದೇ ಹೊತ್ತಿಗೆ ಅಂಕಿಅಂಶ ನೋಡಿಕೊಳ್ಳುವವರ ವಾಟ್ಸ್‌ಆ್ಯಪ್ ತುಂಬತೊಡಗುತ್ತದೆ. ಎಷ್ಟು ಊರು, ಎಷ್ಟು ಮನೆ, ಎಷ್ಟು ಎಕರೆ, ಅರ್ಜೆಂಟ್ ಕಳಿಸಿ. ಬೆಂಗಳೂರು, ಪುಣೆಯ ಕಂಪನಿಗಳ ಡೇಟಾ ತಂಡಗಳಲ್ಲಿ ದುಡಿಯುವ ನಮ್ಮ ಭಾಗದ ಮಕ್ಕಳಿಗೂ ಈ ಪಾಡು ಚೆನ್ನಾಗಿ ಗೊತ್ತು. ಕೇಳುವ ವಿಷಯ ಬೇರೆ, ಒತ್ತಡ ಅದೇ. ಈ ಕೆಲಸದ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳು ಸುಳ್ಳು. ಮಹಾಪೂರದ ಕಾಲದಲ್ಲಿ ಅವು ನೊಂದವರ ಕೈಗೆ ಸೇರಬೇಕಾದ ನೆರವನ್ನೇ ತಪ್ಪಿಸಬಲ್ಲವು.

ತಪ್ಪು ಕಲ್ಪನೆ: ಕೇಳಿದ ಕೂಡಲೇ ಅಂಕಿ ಕೊಡುವವನೇ ಜಾಣ.

“ಎಷ್ಟು ಮನೆ ಬಿದ್ದಿವೆ?” ಕೇಳಲು ಸರಳ ಪ್ರಶ್ನೆ. ಜುಗೂಳದಲ್ಲೋ ಮಂಗಾವತಿಯಲ್ಲೋ ಒಂದು ಹಳೆಯ ಮಣ್ಣಿನ ಮನೆ ಇದೆ ಎಂದುಕೊಳ್ಳಿ. ಒಳಗೆ ಮೂವರು ಅಣ್ಣತಮ್ಮಂದಿರು, ಒಲೆ ಮೂರು, ರೇಷನ್ ಕಾರ್ಡು ಮೂರು, ಪಂಚಾಯಿತಿ ಉತಾರ ಮಾತ್ರ ಒಂದೇ. ಗೋಡೆ ಕುಸಿಯಿತು. ಲೆಕ್ಕಕ್ಕೆ ಇದು ಒಂದೋ, ಮೂರೋ? ಕಾಳಜಿ ಕೇಂದ್ರದಲ್ಲಿ ಅಕ್ಕಿ ಅಳೆಯಲು ತಲೆ ಎಣಿಕೆ ಬೇಕು. ತಕ್ಷಣದ ನೆರವಿಗೆ ಕುಟುಂಬದ ಎಣಿಕೆ ಬೇಕು, ಮನೆ ಕಟ್ಟಿಕೊಡಲು ಕಟ್ಟಡದ ಎಣಿಕೆ. 2019ರ ಮಹಾಪೂರದಲ್ಲಿ ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ ತಕ್ಷಣದ ಪರಿಹಾರವೆಂದು 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಒಂದು ಎಣಿಕೆಯನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಯಾರದೋ ಸೂರಿನ ದುಡ್ಡು ತಪ್ಪುತ್ತದೆ. ಆದ್ದರಿಂದ “ಈ ಅಂಕಿ ನೋಡಿ ನೀವು ಏನು ತೀರ್ಮಾನಿಸುತ್ತೀರಿ, ಎಷ್ಟು ಗಂಟೆಯೊಳಗೆ?” ಎಂದು ಮರುಪ್ರಶ್ನೆ ಹಾಕುವುದು ಉದ್ಧಟತನವಲ್ಲ. ಎರಡು ನಿಮಿಷದ ಆ ಮಾತು ರಾತ್ರಿಯಿಡೀ ಮಾಡಿದ ಲೆಕ್ಕ ಬೆಳಿಗ್ಗೆ ವ್ಯರ್ಥವಾಗುವುದನ್ನು ತಡೆಯುತ್ತದೆ.

ತಪ್ಪು ಕಲ್ಪನೆ: ಅರ್ಜೆಂಟ್ ಎಂದ ಮೇಲೆ ತಾಳೆ ನೋಡಲು ಪುರಸೊತ್ತಿಲ್ಲ.

ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆ ಬರುತ್ತಾಳೆ, ಕಲ್ಲೋಳದ ಬಳಿ ದೂಧಗಂಗಾ ಕೂಡುತ್ತದೆ. ರಾಜಾಪುರದಲ್ಲಿ 1,00,000 ಕ್ಯೂಸೆಕ್, ದೂಧಗಂಗೆಯಲ್ಲಿ 25,000 ಇದ್ದರೆ ಕಲ್ಲೋಳದಲ್ಲಿ ಸುಮಾರು 1,25,000. ಅವಸರದಲ್ಲಿ ಮೂರನ್ನೂ ಕೂಡಿಸಿದರೆ 2,50,000 ಆಗಿ ಊರೆಲ್ಲ ಗಾಬರಿ. ಇದನ್ನು ಹಿಡಿಯಲು ಅರ್ಧ ನಿಮಿಷ ಸಾಕು. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ ಎಂಬುದು ನೆನಪಿದ್ದರೆ ಎಷ್ಟೋ ಸುಳ್ಳು ಅಂಕಿಗಳು ಬಾಗಿಲಲ್ಲೇ ಸಿಕ್ಕಿಬೀಳುತ್ತವೆ.

ಪೂರ್ತಿ ಖಚಿತವಾಗುವವರೆಗೆ ಬಾಯಿ ಬಿಡಬಾರದು ಎಂಬುದೂ ಅಷ್ಟೇ ತಪ್ಪು. ಮೊದಲ ದಿನ ಸಿಗುವುದು ನೀರು ನಿಂತ ಹೊಲದ ಅಂದಾಜು ಮಾತ್ರ. ಅದನ್ನು ಕೊಡಿ, “ಅಂದಾಜು, ಇಂತಿಷ್ಟು ಗಂಟೆಯವರೆಗಿನದು, ಸಮೀಕ್ಷೆ ಆಗಿಲ್ಲ” ಎಂದು ಮೇಲೆ ಬರೆದು ಕೊಡಿ. ಮುಳುಗಿದ ಬೆಳೆಯೆಲ್ಲ ಹಾಳಾದ ಬೆಳೆಯಲ್ಲ. ನೀರು ಬೇಗ ಇಳಿದರೆ ಕಬ್ಬು ಚೇತರಿಸಿಕೊಳ್ಳುವುದುಂಟು. ವಿಪತ್ತು ಪರಿಹಾರದ ನಿಯಮದಲ್ಲಿ ಕನಿಷ್ಠ ಶೇ 33 ಹಾನಿಯಾಗಿರಬೇಕು, ನೆರವು 2 ಹೆಕ್ಟೇರ್‌ವರೆಗೆ. ಈ ವ್ಯತ್ಯಾಸ ಹೇಳದೆ ಕೊಟ್ಟ ಮೊದಲ ಅಂಕಿ, ಆಮೇಲೆ ಜಂಟಿ ಸಮೀಕ್ಷೆಯಲ್ಲಿ ಕಡಿಮೆಯಾದಾಗ ರೈತ ಮೋಸವಾಯಿತು ಎಂದೇ ತಿಳಿಯುತ್ತಾನೆ. ಅವನನ್ನು ದೂರುವಂತಿಲ್ಲ.

ತಪ್ಪು ಕಲ್ಪನೆ: ತಂಡದ ಪ್ರತಿಯೊಬ್ಬರ ಕೈತುಂಬ ಕೆಲಸ ಇರಬೇಕು, ಇಲ್ಲದಿದ್ದರೆ ಸಂಬಳ ದಂಡ.

ಇದು ಎಲ್ಲಕ್ಕಿಂತ ಹಾನಿಕರ ನಂಬಿಕೆ. ಲೆಕ್ಕ ನೋಡಿ. ಬೇಡಿಕೆಗಳು ಹೇಳದೆ ಕೇಳದೆ ಬರುತ್ತವೆ, ಒಂದೊಂದಕ್ಕೆ ಸರಾಸರಿ ಒಂದು ಗಂಟೆ ಹಿಡಿಯುತ್ತದೆ, ಮಾಡುವವರು ಒಬ್ಬರೇ. ಸರದಿ ಸಾಲುಗಳ ಗಣಿತ ಹೇಳುವ ಪ್ರಕಾರ, ಆ ವ್ಯಕ್ತಿಯ ಸಮಯದಲ್ಲಿ ಶೇ 80 ತುಂಬಿದ್ದರೆ ಹೊಸ ಬೇಡಿಕೆ ಸರಾಸರಿ 4 ಗಂಟೆ ಕಾಯಬೇಕು. ಶೇ 90 ತುಂಬಿದ್ದರೆ 9 ಗಂಟೆ. ಶೇ 95 ಆದರೆ 19 ಗಂಟೆ. ಕೊನೆಯ ಐದು ಪಾಲು ದುಡಿಮೆ ಹಿಂಡಲು ಹೋಗಿ ಕಾಯುವಿಕೆ ಎರಡು ಪಟ್ಟಿಗೂ ಮಿಕ್ಕುತ್ತದೆ. ನೀರು ಏರುವಾಗ 19 ಗಂಟೆ ಯಾರ ಬಳಿಯೂ ಇರುವುದಿಲ್ಲ. ಮಳೆಗಾಲದಲ್ಲಿ ತಂಡದ ಒಂದು ಪಾಲು ಸಮಯ ಖಾಲಿ ಇಡುವುದೇ ತಯಾರಿ.

ಹಾಗೆಯೇ, ಒಂದು ಕರೆ ಬಂದರೆ ಎಲ್ಲರೂ ಕೈಲಿದ್ದದ್ದು ಬಿಟ್ಟು ಓಡಬೇಕಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಮನಸ್ಸಿನ ಒಂದು ಭಾಗ ಹಳೆಯದರಲ್ಲೇ ಸಿಕ್ಕಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಈ ವಾರ ಒಬ್ಬರು, ಬರುವ ವಾರ ಇನ್ನೊಬ್ಬರು ಎಂದು ಪಾಳಿ ಹಾಕಿ. ತುರ್ತು ಬೇಡಿಕೆಯೆಲ್ಲ ಅವರೊಬ್ಬರಿಗೇ ಬರಲಿ, ಉಳಿದವರು ತಮ್ಮ ಕೆಲಸ ನೆಮ್ಮದಿಯಿಂದ ಮಾಡಲಿ.

ತಪ್ಪು ಕಲ್ಪನೆ: ದೊಡ್ಡವರು ಕೇಳಿದ್ದೇ ತುರ್ತು.

ಅಲ್ಲ. ಈ ರಾತ್ರಿ ದೋಣಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ, ನಾಳಿನ ಸಭೆಯ ಭಾಷಣಕ್ಕೆ ಬೇಕಾದ ಒಟ್ಟು ಮೊತ್ತಕ್ಕಿಂತ ಮೊದಲು.

ತಪ್ಪು ಕಲ್ಪನೆ: ತುರ್ತು ಎಂದರೆ ಅನಿರೀಕ್ಷಿತ, ಮುಂಚೆ ತಯಾರಾಗಲು ಬರುವುದಿಲ್ಲ.

2005, 2019, 2021. ಕೃಷ್ಣೆ ಮತ್ತೆ ಮತ್ತೆ ಬಂದಿದ್ದಾಳೆ. ತಾರೀಖು ಗೊತ್ತಿರದಿರಬಹುದು, ಕೇಳುವ ಪ್ರಶ್ನೆಗಳು ಗೊತ್ತು. ಕಾಗವಾಡ ತಾಲ್ಲೂಕಿನಲ್ಲಿ ಉಗಾರ ಖುರ್ದ ಇದೆ, ಉಗಾರ ಬುದ್ರುಕವೂ ಇದೆ. ಪಟ್ಟಿಯಲ್ಲಿ ಬರೀ ‘ಉಗಾರ’ ಎಂದಿದ್ದರೆ ಯಾವುದೆಂದು ನಡುರಾತ್ರಿ ಯಾರನ್ನು ಎಬ್ಬಿಸಿ ಕೇಳುವುದು? ಒಂದು ಕಡತದಲ್ಲಿ ಜುಗೂಳ, ಇನ್ನೊಂದರಲ್ಲಿ ಜುಗುಳ ಎಂದಿದ್ದರೆ ಕಂಪ್ಯೂಟರಿಗೆ ಅವು ಎರಡು ಊರು. ಪ್ರತಿ ಊರಿಗೂ ಒಂದೊಂದು ಪ್ರತ್ಯೇಕ ಸಂಕೇತ ಸಂಖ್ಯೆ ಕೊಟ್ಟು, ಹೆಸರುಗಳನ್ನು ಹೊಂದಿಸುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕಾದದ್ದು. ಹೋದ ವರ್ಷ ಯಾರು, ಯಾವಾಗ, ಏನು ಕೇಳಿದರು ಎಂದು ಬರೆದಿಟ್ಟ ಒಂದು ವಹಿ ಇದ್ದರೆ ಈ ವರ್ಷದ ಬೇಡಿಕೆಗಳಿಗೆ ಉತ್ತರದ ನಮೂನೆ ಮೊದಲೇ ಸಿದ್ಧವಿರುತ್ತದೆ.

ಅಂಕಿ ಕೇಳುವವರಲ್ಲೂ ಒಂದು ವಿನಂತಿ. ‘ಅರ್ಜೆಂಟ್’ ಎಂದಷ್ಟೇ ಬರೆಯಬೇಡಿ. ಯಾವ ತೀರ್ಮಾನಕ್ಕೆ ಬೇಕು, ಎಷ್ಟು ಗಂಟೆಗೆ ಬೇಕು, ಅಂದಾಜು ನಡೆಯುತ್ತದೆಯೇ ಎಂಬ ಮೂರು ಮಾತು ಜೊತೆಗೆ ಬರೆಯಿರಿ.